ಬಿಡಬೇಕು ಅಂತ ಇದೆ, ಬಿಡ್ಲಿಕ್ಕೆ ಆಗುವುದಿಲ್ಲ: ಹೊಗೆಸೊಪ್ಪಿನ ಬಗ್ಗೆ ಓದುಗರ ಪ್ರಶ್ನೆಗಳು

ಬೀಡಿ, ಸಿಗರೇಟು, ಎಲೆಯ ಜೊತೆ ಹಾಕುವ ಹೊಗೆಸೊಪ್ಪು, ಇವುಗಳ ಬಗ್ಗೆ ಏನಾದರೂ ಕೇಳಲಿಕ್ಕಿದ್ದರೆ ಬರೆಯಿರಿ ಅಂತ ಹೋದ ಸಂಚಿಕೆಯಲ್ಲಿ ಹೇಳಿದ್ದೆವು. ನಮ್ಮ ಕಾಸರಗೋಡಿನ ಮಂಜೇಶ್ವರದಿಂದ ಹಿಡಿದು ಮುಳ್ಳೇರಿಯದವರೆಗೆ ಪತ್ರಗಳು ಬಂದಿವೆ. ಹೆಸರು ಹಾಕಬೇಡಿ ಅಂತ ಹೆಚ್ಚಿನವರು ಕೇಳಿಕೊಂಡಿದ್ದಾರೆ, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಿಡಲಿಕ್ಕೆ ಆಗದೆ ಇರುವುದು ನಾಚಿಕೆ ಪಡುವ ವಿಷಯ ಅಲ್ಲ. ನಾಚಿಕೆಯಿಂದ ಮುಚ್ಚಿಟ್ಟುಕೊಂಡು ತಡವಾಗಿ ಬಂದವರೇ ಜಾಸ್ತಿ ಕಷ್ಟ ಪಡುವುದು. ನಾನು ಹಲ್ಲಿನ ಡಾಕ್ಟರು, ದಿನವಿಡೀ ಬಾಯಿ ನೋಡುವುದೇ ಕೆಲಸ, ಹಾಗಾಗಿ ಬಾಯಿಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.

ಪ್ರಶ್ನೆ: ನನ್ನ ಮಾವನಿಗೆ 68 ವರ್ಷ. ಈಗಲೂ ತೋಟಕ್ಕೆ ಹೋಗಿ ಕೆಲಸ ಮಾಡುತ್ತಾರೆ. ಬೀಡಿ ಸಿಗರೇಟು ಮುಟ್ಟಿದವರಲ್ಲ, ಕುಡಿಯುವುದಿಲ್ಲ. ಎಲೆ ಅಡಿಕೆ ಮಾತ್ರ ಬೇಕು, ಅದರ ಜೊತೆ ಒಂದು ಚೂರು ಹೊಗೆಸೊಪ್ಪು ಬೇಕೇ ಬೇಕು. ಕೆಲವು ತಿಂಗಳಿಂದ ಸಾರು ಸ್ವಲ್ಪ ಖಾರ ಆದರೂ ಬಾಯಿ ಉರಿ ಅನ್ನುತ್ತಾರೆ. ಎಡ ಕೆನ್ನೆಯ ಒಳಗೆ ಬಿಳಿ ಕಲೆ ಕಾಣುತ್ತದೆ. ಡಾಕ್ಟರಿಗೆ ತೋರಿಸುವ ಅಂದರೆ "ಸುಣ್ಣ ಜಾಸ್ತಿ ಆಗಿ ಸುಟ್ಟದ್ದು, ತನ್ನಷ್ಟಕ್ಕೆ ಸರಿಯಾಗ್ತದೆ" ಅನ್ನುತ್ತಾರೆ. ಸುಣ್ಣದಿಂದ ಹೀಗೆ ಆಗುತ್ತದಾ?
(ಬದಿಯಡ್ಕದಿಂದ ಒಬ್ಬ ಸೊಸೆ)

ಸುಣ್ಣದಿಂದ ಬಾಯಿ ಸುಡುವುದು ನಿಜ ಅಕ್ಕ. ಆದರೆ ಸುಣ್ಣ ಸುಟ್ಟದ್ದು ವಾರದೊಳಗೆ, ಹೆಚ್ಚೆಂದರೆ ಎರಡು ವಾರದೊಳಗೆ ಮಾಯುತ್ತದೆ. ತಿಂಗಳುಗಟ್ಟಲೆ ಇರುವ ಕಲೆಗೆ ಸುಣ್ಣವನ್ನು ದೂರಿ ಕೂತುಕೊಳ್ಳಬಾರದು. ಬಾಯಿಯಲ್ಲಿ ಬಿಳಿ ಕಲೆ, ಕೆಂಪು ಕಲೆ, ಹುಣ್ಣು, ಗಂಟು, ಏನೇ ಇರಲಿ, ಎರಡು ವಾರ ಕಳೆದೂ ಹೋಗದಿದ್ದರೆ ತೋರಿಸಲೇಬೇಕು. ನೋವಿಲ್ಲ ಅಂತ ಬಿಡಬೇಡಿ, ಶುರುವಿನಲ್ಲಿ ನೋವು ಇರುವುದೇ ಇಲ್ಲ. ನಿಮ್ಮ ಮಾವನಿಗೆ ಈಗ ಉರಿ ಶುರುವಾಗಿದೆ, ಆದ್ದರಿಂದ ಈ ವಾರವೇ ಕರೆದುಕೊಂಡು ಹೋಗಿ.

ಹೆದರಿಸುವುದಕ್ಕೆ ಹೇಳುತ್ತಿಲ್ಲ. ಬಿಳಿ ಕಲೆ ಎಲ್ಲವೂ ಕ್ಯಾನ್ಸರ್ ಅಲ್ಲ, ಹೆಚ್ಚಿನವು ಕ್ಯಾನ್ಸರ್ ಆಗುವುದೂ ಇಲ್ಲ. ಆದರೆ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಅಂತ ಹೊರಗಿಂದ ನೋಡಿ ಹೇಳಲು ನನಗೂ ಆಗುವುದಿಲ್ಲ. ಅದಕ್ಕೇ ಬಯಾಪ್ಸಿ. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಅಕ್ಕಿ ಕಾಳಿನಷ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಕತ್ತಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಅನ್ನುವ ಮಾತು ನಮ್ಮ ಕಡೆ ಬಹಳ ಇದೆ. ಅದು ಸುಳ್ಳು. ಆ ಮಾತು ನಂಬಿ ಆರು ತಿಂಗಳು ಮದ್ದಿನ ಬೇರು ಹಚ್ಚಿಕೊಂಡು ಕೂತು, ಆಮೇಲೆ ದವಡೆಯೇ ತೆಗೆಯಬೇಕಾದವರನ್ನು ನೋಡಿ ನನಗೆ ತುಂಬಾ ಬೇಜಾರಾಗಿದೆ.

ಎಡ ಕೆನ್ನೆ ಅಂತ ಬರೆದಿದ್ದೀರಿ. ಒಮ್ಮೆ ಗಮನಿಸಿ ನೋಡಿ, ಮಾವ ಎಲೆ ಜಗಿದು ಮುದ್ದೆಯನ್ನು ಒತ್ತಿ ಇಡುವುದು ಅದೇ ಕೆನ್ನೆಯಲ್ಲಿ ಇರಬೇಕು. ಹೆಚ್ಚಿನವರದ್ದು ಹಾಗೆಯೇ, ಎಲ್ಲಿ ಇಡುತ್ತಾರೋ ಕಲೆ ಬರುವುದು ಅಲ್ಲೇ. ಅಲ್ಲಿ ಹಲ್ಲು ಕಂದಿರುತ್ತದೆ, ವಸಡು ಕೆಳಗೆ ಸರಿದಿರುತ್ತದೆ, ಕೆನ್ನೆಯ ಒಳಚರ್ಮ ಮುಟ್ಟಿದರೆ ಮೆತ್ತಗೆ ಇರುವುದಿಲ್ಲ, ದೊರಗು. ಹೊಗೆ ಇಲ್ಲದ್ದಕ್ಕೆ ಹೊಗೆಸೊಪ್ಪು ನಿರುಪದ್ರವಿ ಆಗುವುದಿಲ್ಲ. ಸೊಪ್ಪನ್ನು ಒಣಗಿಸಿ ಹದ ಮಾಡುವಾಗಲೇ ಅದರಲ್ಲಿ ನೈಟ್ರೋಸಮೈನ್ ಅನ್ನುವ ರಾಸಾಯನಿಕಗಳು ಹುಟ್ಟಿಕೊಳ್ಳುತ್ತವೆ, ಅವು ಕ್ಯಾನ್ಸರ್ ತರುವವು. ಸುಣ್ಣ ಅದಕ್ಕೆ ಇನ್ನಷ್ಟು ಸಹಾಯ ಮಾಡುತ್ತದೆ. ಸುಣ್ಣ ಸೇರಿದಾಗ ನಿಕೋಟಿನ್ ಬಾಯಿಯ ಚರ್ಮದ ಮೂಲಕ ಬೇಗ ರಕ್ತಕ್ಕೆ ಇಳಿಯುತ್ತದೆ, ಅದಕ್ಕೇ ಸುಣ್ಣ ಕಡಿಮೆಯಾದರೆ "ಹಿಡಿಯಲಿಲ್ಲ" ಅನ್ನುವುದು.

ಇನ್ನೊಂದು ವಿಷಯ. ಅಡಿಕೆ ತೋಟದ ನಡುವೆ ಕೂತು ಇದನ್ನು ಬರೆಯುವುದು ನನಗೆ ಸುಲಭ ಅಲ್ಲ, ನಮ್ಮ ಊರಿನ ಎಷ್ಟೋ ಮನೆಯ ಮಕ್ಕಳು ಓದಿದ್ದು ಅಡಿಕೆಯ ದುಡ್ಡಿನಲ್ಲಿ. ಆದರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1985ರಲ್ಲಿ ಹೊಗೆಸೊಪ್ಪು ಹಾಕಿದ ಎಲೆ ಅಡಿಕೆಯನ್ನು ಕ್ಯಾನ್ಸರ್ ತರುವ ಪದಾರ್ಥ ಅಂತ ಗುರುತಿಸಿತು, 2004ರಲ್ಲಿ ಪ್ರಕಟವಾದ ವರದಿಯಲ್ಲಿ ಹೊಗೆಸೊಪ್ಪು ಇಲ್ಲದ ಎಲೆ ಅಡಿಕೆ ಮತ್ತು ಬರೀ ಅಡಿಕೆಯನ್ನೂ ಅದೇ ಪಟ್ಟಿಗೆ ಸೇರಿಸಿತು. ದಿನವೂ ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಗೆ ನಾರು ಕಟ್ಟಿ ಬಾಯಿ ತೆರೆಯುವುದೇ ಕಡಿಮೆಯಾಗುತ್ತಾ ಹೋಗುವ ಒಂದು ಕಾಯಿಲೆ ಇದೆ. ಖಾರ ತಾಗಿದರೆ ಉರಿಯುವುದು ಅದರ ಮೊದಲ ಲಕ್ಷಣ. ಮಾವನಿಗೆ ಬಾಯಿ ಪೂರ್ತಿ ತೆರೆಯಲು ಹೇಳಿ. ಅವರದ್ದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಮೇಲಿನ ಕೆಳಗಿನ ಮುಂದಿನ ಹಲ್ಲಿನ ನಡುವೆ ಹೋಗುತ್ತದಾ ನೋಡಿ. ಹೋಗದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಮನೆಯಲ್ಲೇ ಬಾಯಿ ನೋಡಿಕೊಳ್ಳಲು ಯಾರಿಗೂ ಆಗುತ್ತದೆ. ಬಾಯಿ ಚೆನ್ನಾಗಿ ಮುಕ್ಕಳಿಸಿ, ಕಟ್ಟಿಸಿದ ಹಲ್ಲು ಇದ್ದರೆ ತೆಗೆದಿಟ್ಟು, ಮೊಬೈಲಿನ ಟಾರ್ಚ್ ಹಿಡಿದು ಎರಡೂ ಕೆನ್ನೆ, ತುಟಿಯ ಒಳಬದಿ, ನಾಲಿಗೆಯ ಅಂಚು, ನಾಲಿಗೆಯ ಅಡಿ ನೋಡಬೇಕು. ನಾಲಿಗೆಯ ಅಂಚು ಮತ್ತು ಅಡಿಯನ್ನು ಯಾರೂ ನೋಡುವುದಿಲ್ಲ, ಅಲ್ಲೇ ಜಾಸ್ತಿ ನೋಡಬೇಕಾದ್ದು. ಇಷ್ಟು ಸಣ್ಣ ಕೆಲಸಕ್ಕೆ ಎಂತ ಪ್ರಯೋಜನ ಅಂತ ಅನ್ನಿಸಬಹುದು. ನಮ್ಮದೇ ರಾಜ್ಯ ಕೇರಳದ ತಿರುವನಂತಪುರದಲ್ಲಿ 1996ರಲ್ಲಿ ಶುರು ಮಾಡಿದ ಒಂದು ದೊಡ್ಡ ಅಧ್ಯಯನ ಇದೆ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆ ಮನೆಗೆ ಹೋಗಿ ಹೀಗೆ ಬರಿಗಣ್ಣಲ್ಲಿ ಬಾಯಿ ನೋಡಿದರು, ಸಂಶಯ ಬಂದವರನ್ನು ಡಾಕ್ಟರ ಹತ್ತಿರ ಕಳಿಸಿದರು. 2005ರಲ್ಲಿ ಬಂದ ಫಲಿತಾಂಶದಲ್ಲಿ, ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸ ಇದ್ದವರ ಪೈಕಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದು ಪಾಲು ಕಡಿಮೆಯಾಗಿತ್ತು.

ಕ್ಯಾನ್ಸರ್ ಅನ್ನುವ ಶಬ್ದವನ್ನು ಮಾವನ ಎದುರು ತೆಗೆಯಬೇಡಿ. ಹಲ್ಲು ತೋರಿಸಿ ಬರುವ ಅಂತ ಹೇಳಿ ಕರೆದುಕೊಂಡು ಹೋಗಿ, ಹತ್ತಿರದ ಹಲ್ಲಿನ ಡಾಕ್ಟರಾದರೂ ಸಾಕು, ಕಾಸರಗೋಡಿನ ಜನರಲ್ ಆಸ್ಪತ್ರೆಯಾದರೂ ಸರಿ. ಮುಂದೆ ಪರೀಕ್ಷೆ ಬೇಕು ಅಂದರೆ ಮಂಗಳೂರು ಇದೆ, ತಲಶ್ಶೇರಿಯಲ್ಲಿ ಮಲಬಾರ್ ಕ್ಯಾನ್ಸರ್ ಸೆಂಟರ್ ಇದೆ. ಎಲೆ ತಟ್ಟೆಯನ್ನು ಎತ್ತಿ ಅಟ್ಟದಲ್ಲಿ ಅಡಗಿಸಿಡುವುದರಿಂದ ಮಾತ್ರ ಏನೂ ಆಗುವುದಿಲ್ಲ, ಅವರು ಅಂಗಡಿಗೆ ಹೋಗಿ ಹಾಕಿಕೊಂಡು ಬರುತ್ತಾರೆ, ನಿಮಗೂ ಅವರಿಗೂ ಮಾತು ಕಡಿಮೆಯಾಗುತ್ತದೆ, ಅಷ್ಟೆ.

ಪ್ರಶ್ನೆ: ವಯಸ್ಸು 29. ಕುಂಬಳೆಯಿಂದ ದಿನಾ ರೈಲಿನಲ್ಲಿ ಮಂಗಳೂರಿಗೆ ಕೆಲಸಕ್ಕೆ ಹೋಗುತ್ತೇನೆ. ದಿನಕ್ಕೆ ಹತ್ತು ಹನ್ನೆರಡು ಸಿಗರೇಟು. ಎಷ್ಟೋ ಸಲ ಬಿಟ್ಟೆ, ಮೂರನೇ ದಿನ ದಾಟುವುದೇ ಇಲ್ಲ. ಮನೆಯಲ್ಲಿ ಎಲ್ಲರ ಮೇಲೂ ರೇಗುತ್ತೇನೆ. ನಿಮಗೆ ಮನಸ್ಸು ಗಟ್ಟಿ ಇಲ್ಲ ಅಂತ ಹೆಂಡತಿ ಹೇಳುತ್ತಾಳೆ. ನಿಕೋಟಿನ್ ಗಮ್ ತಂದು ಅಗಿದೆ, ಗಂಟಲು ಉರಿ, ಬಿಕ್ಕಳಿಕೆ. ಎಂತ ಮಾಡುವುದು?
(ಕುಂಬಳೆ)

ತಮ್ಮಾ, ಮೂರನೇ ದಿನ ದಾಟುವುದಿಲ್ಲ ಅಂತ ಬರೆದಿದ್ದೀರಲ್ಲ, ಅದರಲ್ಲೇ ಉತ್ತರ ಇದೆ. ಬಿಟ್ಟವರಿಗೆಲ್ಲ ಅತಿ ಕಷ್ಟ ಆಗುವುದು ಎರಡನೇ ಮೂರನೇ ದಿನವೇ. ಅಂದರೆ ಪ್ರತಿ ಸಲವೂ ನೀವು ಏರು ಪೂರ್ತಿ ಹತ್ತಿ, ಇನ್ನು ಇಳಿಜಾರು ಅನ್ನುವಾಗ ವಾಪಸು ಬರುತ್ತಿದ್ದೀರಿ. ಮುಂದಿನ ಸಲ ಆ ಮೂರು ದಿನವನ್ನು ಶನಿವಾರ ಭಾನುವಾರಕ್ಕೋ ರಜೆಗೋ ಹೊಂದಿಸಿಕೊಳ್ಳಿ, ಮನೆಯವರಿಗೆ ಮೊದಲೇ ಹೇಳಿಡಿ, ಈ ಮೂರು ದಿನ ನಾನು ಸ್ವಲ್ಪ ಸಿಡುಕುತ್ತೇನೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂತ.

ಹೆಂಡತಿಗೆ ಈ ಭಾಗ ಓದಲು ಕೊಡಿ. ಒಂದು ದಮ್ಮು ಎಳೆದ ಹತ್ತಿಪ್ಪತ್ತು ಸೆಕೆಂಡಿನಲ್ಲಿ ನಿಕೋಟಿನ್ ಮೆದುಳಿಗೆ ಮುಟ್ಟುತ್ತದೆ. ಅಲ್ಲಿ ಡೋಪಮೈನ್ ಅನ್ನುವ ವಸ್ತುವನ್ನು ಬಿಡಿಸುತ್ತದೆ, ಖುಷಿ ಅನ್ನಿಸುವುದು ಅದರಿಂದ. ದಿನಾ ಹೀಗೆ ಆದಾಗ ನಿಕೋಟಿನ್ ಹಿಡಿದುಕೊಳ್ಳುವ ಜಾಗಗಳು ಮೆದುಳಿನಲ್ಲಿ ಜಾಸ್ತಿಯಾಗುತ್ತವೆ, ಅವು ಖಾಲಿಯಾದಾಗ ಬೇಕು ಬೇಕು ಅನ್ನುತ್ತವೆ. ರಕ್ತದಲ್ಲಿ ನಿಕೋಟಿನ್ ಸುಮಾರು ಎರಡು ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಆಗ ಶುರುವಾಗುವ ಚಡಪಡಿಕೆಯನ್ನು ನಾವು ಆಫೀಸಿನ ತಲೆಬಿಸಿ ಅಂತ ತಿಳಿದುಕೊಳ್ಳುತ್ತೇವೆ, ಒಂದು ಸೇದಿದರೆ ಶಮನ ಆಗುತ್ತದೆ, ಸಿಗರೇಟು ತಲೆಬಿಸಿ ಕಡಿಮೆ ಮಾಡುತ್ತದೆ ಅಂತ ನಂಬುತ್ತೇವೆ. ಹಿಂದಿನ ಸಿಗರೇಟು ಹುಟ್ಟಿಸಿದ ತಲೆಬಿಸಿಯನ್ನು ಈ ಸಿಗರೇಟು ಇಳಿಸುವುದು, ಇಷ್ಟೇ ನಡೆಯುವುದು. ಯಾವ ಸಹಾಯವೂ ಇಲ್ಲದೆ ಬಿಡಲು ಹೊರಟವರಲ್ಲಿ ನೂರಕ್ಕೆ ನಾಲ್ಕೈದು ಜನ ಮಾತ್ರ ಒಂದೇ ಪ್ರಯತ್ನದಲ್ಲಿ ಗೆಲ್ಲುತ್ತಾರೆ. ಉಳಿದ ತೊಂಬತ್ತೈದು ಜನರ ಮನಸ್ಸೂ ಗಟ್ಟಿ ಇಲ್ಲ ಅಂತ ಹೇಳಲಾಗುತ್ತದಾ?

ಗಮ್ ವಿಷಯ. ಅದನ್ನು ಬಬಲ್ ಗಮ್ ಹಾಗೆ ಅಗಿದರೆ ನಿಕೋಟಿನ್ ಎಲ್ಲ ಉಗುಳಿನ ಜೊತೆ ಹೊಟ್ಟೆಗೆ ಹೋಗುತ್ತದೆ. ಬಿಕ್ಕಳಿಕೆ, ಗಂಟಲು ಉರಿ, ಹೊಟ್ಟೆ ತೊಳಸು ಎಲ್ಲ ಅದರಿಂದ. ನಿಧಾನಕ್ಕೆ ಅಗಿಯಿರಿ. ಖಾರ ಖಾರ, ಜುಮ್ಮೆಂದ ಕೂಡಲೇ ನಿಲ್ಲಿಸಿ, ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಬಿಡಿ. ಜುಮ್ ಹೋದ ಮೇಲೆ ಮತ್ತೆ ಒಂದೆರಡು ಸಲ ಅಗಿಯಿರಿ, ಮತ್ತೆ ಇಡಿ, ಈ ಸಲ ಬೇರೆ ಕಡೆ. ಹೀಗೆ ಅರ್ಧ ಗಂಟೆ. ಗಮ್ ಹಾಕುವ ಕಾಲು ಗಂಟೆ ಮೊದಲು ಮತ್ತು ಹಾಕಿರುವಾಗ ಚಹಾ, ಕಾಫಿ, ಶರಬತ್ತು ಕುಡಿಯಬಾರದು, ಕುಡಿದರೆ ನಿಕೋಟಿನ್ ಬಾಯಿಯಲ್ಲಿ ಹೀರುವುದಿಲ್ಲ. ಬೆಳಿಗ್ಗೆ ಎದ್ದು ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಬೇಕಾಗುವವರಿಗೆ 4 ಮಿ.ಗ್ರಾಂ., ಉಳಿದವರಿಗೆ 2 ಮಿ.ಗ್ರಾಂ. ಮೊದಲ ಆರು ವಾರ ಒಂದೆರಡು ಗಂಟೆಗೊಮ್ಮೆ ತೆಗೆದುಕೊಳ್ಳಬೇಕು, ಆಮೇಲೆ ಅಂತರ ಹೆಚ್ಚಿಸುತ್ತಾ ಹನ್ನೆರಡು ವಾರಕ್ಕೆ ನಿಲ್ಲಿಸುವುದು. ಹೆಚ್ಚಿನವರು ಮಾಡುವುದು ಏನು, ತೀರಾ ತಡೆಯಲಾಗದಾಗ ಒಂದು ಹಾಕುತ್ತಾರೆ, ಪ್ರಯೋಜನ ಇಲ್ಲ ಅಂತ ಬಿಸಾಡುತ್ತಾರೆ. ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿಯೂ ಸಿಗುತ್ತದೆ, ಪಟ್ಟಿ ಮತ್ತು ಗಮ್ ಒಟ್ಟಿಗೆ ಬಳಸಿದರೆ ಒಂದೇ ಬಳಸುವುದಕ್ಕಿಂತ ಒಳ್ಳೆಯ ಫಲ. ಇದಕ್ಕೂ ಬಗ್ಗದಿದ್ದರೆ ವರೆನಿಕ್ಲಿನ್, ಬುಪ್ರೋಪಿಯಾನ್ ಅನ್ನುವ ಮಾತ್ರೆಗಳಿವೆ, ಡಾಕ್ಟರ ಚೀಟಿ ಬೇಕು. ಅಪಸ್ಮಾರ ಇದ್ದವರಿಗೆ ಬುಪ್ರೋಪಿಯಾನ್ ಆಗದು.

ಕಾಫಿ ಬಗ್ಗೆ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ಸಿಗರೇಟಿನ ಹೊಗೆ ಲಿವರಿನ ಕೆಲಸವನ್ನು ಚುರುಕು ಮಾಡಿ ಕಾಫಿಯ ಕೆಫೀನನ್ನು ಬೇಗ ಹೊರಗೆ ಹಾಕಿಸುತ್ತದೆ. ಸಿಗರೇಟು ಬಿಟ್ಟ ಮೇಲೆ ಅದೇ ನಾಲ್ಕು ಕಾಫಿ ಕುಡಿದರೆ ಕೆಫೀನ್ ದೇಹದಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತದೆ. ಎದೆ ಡಬಡಬ, ನಿದ್ದೆ ಇಲ್ಲ, ಕೈ ನಡುಗುವುದು, ಇದನ್ನೆಲ್ಲ ಸಿಗರೇಟು ಬಿಟ್ಟದ್ದರ ಲೆಕ್ಕಕ್ಕೆ ಹಾಕಿ ಮತ್ತೆ ಸೇದಲು ಹೋಗುತ್ತಾರೆ. ಬಿಟ್ಟ ದಿನದಿಂದ ಕಾಫಿ ಅರ್ಧ ಮಾಡಿ.

ಬೇಕು ಅನ್ನುವ ಆ ಎಳೆತ ಒಂದೊಂದು ಸಲಕ್ಕೆ ಕೆಲವೇ ನಿಮಿಷ ಇರುವುದು, ಐದು ನಿಮಿಷ ಕಳೆದರೆ ಜೋರು ತಗ್ಗುತ್ತದೆ. ನೀರು ಕುಡಿಯಿರಿ, ಎದ್ದು ನಡೆಯಿರಿ, ಯಾರಿಗಾದರೂ ಫೋನ್ ಮಾಡಿ. ಸ್ಟೇಷನ್ನಿನ ಹೊರಗೆ ಚಹಾ ಕುಡಿಯುತ್ತಾ ಸೇದುವ ಗೆಳೆಯರ ಗುಂಪು ನಿಮಗೂ ಇರಬಹುದು, ಒಂದು ತಿಂಗಳು ಅವರ ಜೊತೆ ಚಹಾ ಬೇಡ. ಮಧ್ಯದಲ್ಲಿ ಒಂದು ಸೇದಿಬಿಟ್ಟರೆ ಎಲ್ಲ ಮುಗಿಯಿತು ಅಂತ ಪ್ಯಾಕ್ ತೆಗೆದುಕೊಳ್ಳಬೇಡಿ. ಆ ಒಂದನ್ನು ಅಲ್ಲಿಗೇ ಬಿಟ್ಟು ಮುಂದೆ ಹೋಗಿ. ತೂಕ ಸ್ವಲ್ಪ ಹೆಚ್ಚಬಹುದು, ನಾಲ್ಕೈದು ಕಿಲೋ. ಅದನ್ನು ಆಮೇಲೆ ನೋಡಿಕೊಳ್ಳುವ.

ಪ್ರಶ್ನೆ: ನಾನು ಮದುವೆಗೆ ಮೊದಲಿನಿಂದಲೂ ಬೀಡಿ ಕಟ್ಟುತ್ತೇನೆ. ನಮ್ಮ ಮನೆಯಲ್ಲಿ ಯಾರೂ ಸೇದುವುದಿಲ್ಲ. ಸೊಪ್ಪಿನ ಪುಡಿಯ ಘಾಟಿಗೆ ನನಗೆ ಕೆಮ್ಮು, ಒಮ್ಮೊಮ್ಮೆ ತಲೆ ತಿರುಗುತ್ತದೆ. ಮಗಳು ಈಗ ಬಸುರಿ, ತವರಿಗೆ ಬಂದಿದ್ದಾಳೆ, ಸುಮ್ನೆ ಕೂತು ಬೇಜಾರು ಅಂತ ಅವಳೂ ಕಟ್ಟುತ್ತಾಳೆ. ಸೇದದಿದ್ದರೆ ತೊಂದರೆ ಇಲ್ಲ ಅಲ್ವಾ?
(ಮಂಜೇಶ್ವರದ ಬಳಿಯಿಂದ)

ಇದೆ ಅಕ್ಕ. ಮಗಳು ಇವತ್ತಿನಿಂದಲೇ ಕಟ್ಟುವುದು ಬೇಡ. ನಿಕೋಟಿನ್ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ, ಕೈ ಒದ್ದೆ ಇದ್ದರೆ ಇನ್ನೂ ಬೇಗ. ಹೊಗೆಸೊಪ್ಪಿನ ಹೊಲದಲ್ಲಿ ಒದ್ದೆ ಎಲೆ ಕೊಯ್ಯುವವರಿಗೆ ತಲೆ ತಿರುಗು, ವಾಂತಿ ಬರುವುದು ಇದರಿಂದಲೇ. ಬೀಡಿ ಎಲೆಯನ್ನು ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ, ಒದ್ದೆ ಬೆರಳಲ್ಲೇ ಪುಡಿ ತುಂಬಿ ಸುರುಳಿ ಸುತ್ತುತ್ತೀರಿ, ಗೆರಸೆ ಇರುವುದು ಮಡಿಲಲ್ಲಿ, ಮುಖ ಅದರ ಮೇಲೆಯೇ ಬಾಗಿರುತ್ತದೆ. ಪುಡಿ ಮೂಗಿಗೆ, ನಿಕೋಟಿನ್ ಬೆರಳಿಗೆ. ಬಸುರಿಯ ದೇಹಕ್ಕೆ ಹೋದ ನಿಕೋಟಿನ್ ಮಗುವಿಗೂ ಹೋಗುತ್ತದೆ. ತಾಯಿಗೆ ಹೊಗೆಸೊಪ್ಪಿನ ಸಂಪರ್ಕ ಇದ್ದರೆ ಮಗು ಕಡಿಮೆ ತೂಕದ್ದಾಗುವ, ದಿನ ತುಂಬುವ ಮೊದಲೇ ಹುಟ್ಟುವ ಅಪಾಯ ಹೆಚ್ಚು.

ನೀವು ಕಟ್ಟುವುದು ಬಿಡಿ ಅಂತ ನಾನು ಹೇಳುವುದಿಲ್ಲ, ಅದು ಹೇಳುವಷ್ಟು ಸುಲಭ ಅಲ್ಲ. ನಮ್ಮ ಗಡಿಯ ಈಚೆ ಆಚೆ ಎಷ್ಟು ಮನೆಗಳ ಒಲೆ ಉರಿದದ್ದು ಹೆಂಗಸರು ಕಟ್ಟಿದ ಬೀಡಿಯಿಂದ ಅಂತ ಎಲ್ಲರಿಗೂ ಗೊತ್ತು. ಇಷ್ಟು ಮಾಡಿ. ಮಲಗುವ ಕೋಣೆಯಲ್ಲಿ, ಅಡುಗೆ ಮನೆಯಲ್ಲಿ ಸೊಪ್ಪಿನ ಪುಡಿ ಇಡಬೇಡಿ. ಜಗಲಿಯಲ್ಲಿ, ಗಾಳಿ ಬೆನ್ನಿನಿಂದ ಬರುವ ಹಾಗೆ ಕೂತು ಕಟ್ಟಿ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಎದ್ದ ಕೂಡಲೇ ಸಾಬೂನು ಹಾಕಿ ಕೈ ತೊಳೆಯಿರಿ, ಅದೇ ಕೈಯಲ್ಲಿ ಚಹಾ ಕುಡಿಯುವುದು, ತಿಂಡಿ ತಿನ್ನುವುದು ಬೇಡ. ಮೊಮ್ಮಗು ಬಂದ ಮೇಲೆ ಬೀಡಿ ಕಟ್ಟಿದ ಸೀರೆ ಬದಲಿಸದೆ ಎತ್ತಿಕೊಳ್ಳಬೇಡಿ. ಕೆಮ್ಮು ಎರಡು ವಾರ ದಾಟಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಫ ಪರೀಕ್ಷೆ ಮಾಡಿಸಿ, ಕ್ಷಯದ ಪರೀಕ್ಷೆಗೂ ಮದ್ದಿಗೂ ಸರಕಾರಿ ಆಸ್ಪತ್ರೆಯಲ್ಲಿ ದುಡ್ಡು ಇಲ್ಲ. ಬೀಡಿ ಕಾರ್ಮಿಕರ ಕಲ್ಯಾಣ ನಿಧಿಗೆ 1976ರಿಂದ ಕಾನೂನು ಇದೆ. ಗುರುತಿನ ಚೀಟಿ ಇಲ್ಲದಿದ್ದರೆ ನೀವು ಬೀಡಿ ಕೊಡುವ ಬ್ರಾಂಚಿನಲ್ಲಿ ಕೇಳಿ ಮಾಡಿಸಿಕೊಳ್ಳಿ, ಮದ್ದಿನ ಖರ್ಚಿಗೂ ಮಕ್ಕಳ ಓದಿಗೂ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಅಣ್ಣ ಬೀಡಿ ಮಾತ್ರ ಸೇದುವುದು, ಸಿಗರೇಟಿನಷ್ಟು ಹಾಳಲ್ಲ, ಬರೀ ಎಲೆ ಮತ್ತು ಸೊಪ್ಪು ಅನ್ನುತ್ತಾನೆ. ವಯಸ್ಸು 38. ನಡೆದರೆ ಪಾದ, ಮೀನಖಂಡ ನೋವು, ಕೂತರೆ ಕಡಿಮೆ. ಈಗ ಕಾಲಿನ ಕಿರುಬೆರಳು ಕಪ್ಪಾಗಿ ಹುಣ್ಣಾಗಿದೆ. ಶುಗರ್ ಇಲ್ಲ.
(ಪೆರ್ಲ)

ಪತ್ರಿಕೆಯಲ್ಲಿ ಉತ್ತರ ಬರುವವರೆಗೆ ಕಾಯುವ ವಿಷಯ ಅಲ್ಲ ಇದು. ಓದಿದ ದಿನವೇ ರಕ್ತನಾಳದ ಡಾಕ್ಟರು ಇರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನೀವು ಬರೆದ ಲಕ್ಷಣ ನೋಡಿದರೆ ಬರ್ಜರ್ಸ್ ಕಾಯಿಲೆ ಇರಬಹುದು ಅನ್ನಿಸುತ್ತದೆ, ಪರೀಕ್ಷೆ ಮಾಡಿಯೇ ಖಚಿತ ಮಾಡಬೇಕು. ಇದು ಹೊಗೆಸೊಪ್ಪು ಬಳಸುವವರಿಗೇ ಬರುವ ಕಾಯಿಲೆ, ಅದೂ ನಲವತ್ತು ನಲವತ್ತೈದರ ಒಳಗಿನವರಿಗೆ ಜಾಸ್ತಿ. ಕೈಕಾಲಿನ ಸಣ್ಣ ರಕ್ತನಾಳಗಳು ಊದಿ, ರಕ್ತ ಹೆಪ್ಪುಗಟ್ಟಿ ಮುಚ್ಚಿಹೋಗುತ್ತವೆ, ತುದಿಗೆ ರಕ್ತ ಹೋಗದೆ ಬೆರಳು ಸಾಯುತ್ತದೆ. ಪೂರ್ತಿ ಬಿಟ್ಟವರಲ್ಲಿ ಹೆಚ್ಚಿನವರ ಕಾಲು ಉಳಿಯುತ್ತದೆ. ದಿನಕ್ಕೆ ಒಂದೆರಡು ಸೇದಿದರೂ ಕಾಯಿಲೆ ಮುಂದುವರಿಯುತ್ತದೆ, ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಮೊಣಕಾಲಿನ ಕೆಳಗೆ ಅಂತ ಕತ್ತರಿಸುತ್ತಾ ಹೋಗಬೇಕಾಗುತ್ತದೆ. ಈ ಕಾಯಿಲೆಯಲ್ಲಿ ನಿಕೋಟಿನ್ ಗಮ್, ಪಟ್ಟಿಯನ್ನೂ ತಾವಾಗಿ ಬಳಸಬಾರದು, ಡಾಕ್ಟರ ಹತ್ತಿರ ಚಟ ಬಿಡಿಸುವ ಮಾತ್ರೆಯ ಬಗ್ಗೆ ಕೇಳಿ.

ಬೀಡಿ ಹಗುರ ಅನ್ನುವುದು ತಪ್ಪು. ಬೀಡಿಯ ಎಲೆಯಲ್ಲಿ ಗಾಳಿ ಆಡುವುದಿಲ್ಲ, ಆರಿಹೋಗದಂತೆ ಮತ್ತೆ ಮತ್ತೆ ಜೋರಾಗಿ ಎಳೆಯಬೇಕಾಗುತ್ತದೆ. ಗಾತ್ರ ಸಣ್ಣದು, ಸೊಪ್ಪು ಕಡಿಮೆ, ಆದರೆ ಒಳಗೆ ಹೋಗುವ ಟಾರ್ ಮತ್ತು ಕಾರ್ಬನ್ ಮೊನಾಕ್ಸೈಡ್ ಸಿಗರೇಟಿನದ್ದಕ್ಕಿಂತ ಕಡಿಮೆ ಏನಲ್ಲ, ಹೆಚ್ಚೇ.

ಪ್ರಶ್ನೆ: ಗಲ್ಫಿನಿಂದ ಬಂದ ಭಾವ ವೇಪ್ (ಇ-ಸಿಗರೇಟು) ಸೇದುತ್ತಾರೆ. ಬರೀ ಹಣ್ಣಿನ ಪರಿಮಳದ ಆವಿ, ಏನೂ ಆಗುವುದಿಲ್ಲ ಅನ್ನುತ್ತಾರೆ. ನನ್ನ ಮಗ ಪಿಯುಸಿ, ಅವನಿಗೂ ಒಮ್ಮೆ ಕೊಟ್ಟಿದ್ದಾರೆ.
(ಉಪ್ಪಳ)

ಪರಿಮಳ ಹಣ್ಣಿನದ್ದು, ಒಳಗಿರುವುದು ಹೆಚ್ಚಾಗಿ ಅದೇ ನಿಕೋಟಿನ್. ಇಪ್ಪತ್ತೈದರವರೆಗೂ ಮೆದುಳು ಬೆಳೆಯುತ್ತಾ ಇರುತ್ತದೆ, ಆ ವಯಸ್ಸಿನಲ್ಲಿ ಚಟ ಬೇಗ ಹಿಡಿಯುತ್ತದೆ, ಬಿಡಿಸುವುದು ಕಷ್ಟ. 2019ರಿಂದ ಭಾರತದಲ್ಲಿ ಇದನ್ನು ತಯಾರಿಸುವುದು, ಹೊರದೇಶದಿಂದ ತರಿಸುವುದು, ಮಾರುವುದು ಎಲ್ಲ ಅಪರಾಧ. ಭಾವನ ಹತ್ತಿರ ದಾಕ್ಷಿಣ್ಯ ಬಿಟ್ಟು ಹೇಳಿ, ಮಗನ ಕೈಗೆ ಕೊಡಬೇಡಿ ಅಂತ. ಬಂದವರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ಪ್ರಶ್ನೆ: ನಾನು ಹೈಸ್ಕೂಲಿನ ಟೀಚರ್. ಒಂಬತ್ತನೇ ಕ್ಲಾಸಿನ ಇಬ್ಬರು ಹುಡುಗರು ತುಟಿಯ ಒಳಗೆ ಹೊಗೆಸೊಪ್ಪಿನ ಸಣ್ಣ ಪೊಟ್ಟಣ ಇಟ್ಟುಕೊಂಡು ಪಾಠ ಕೇಳುತ್ತಿದ್ದರು. ಹೆಡ್‌ಮಾಸ್ಟರಿಗೆ ಹೇಳಿದರೆ ಟಿಸಿ ಕೊಡುತ್ತಾರೆ ಅಂತ ಹೆದರಿಕೆ. ಹೇಗೆ ನಿಭಾಯಿಸಲಿ?
(ಮುಳ್ಳೇರಿಯ)

ಟೀಚರೇ, ಟಿಸಿ ಕೊಟ್ಟರೆ ಹುಡುಗರು ಶಾಲೆಯಿಂದ ಹೊರಗೆ, ಪೊಟ್ಟಣ ಮಾರುವವನು ಅಲ್ಲೇ ಗೇಟಿನ ಹತ್ತಿರ. ಮುಂದಿನ ವರ್ಷ ಬೇರೆ ಇಬ್ಬರು. ಕೇರಳದಲ್ಲಿ 2012ರಲ್ಲೇ ಗುಟ್ಕಾ ನಿಷೇಧ ಆಗಿದೆ, 2013ರಲ್ಲಿ ಕರ್ನಾಟಕದಲ್ಲೂ. ಆದರೂ ಬ್ಯಾಗಿನೊಳಗೆ ಗಡಿ ದಾಟಿ ಬರುತ್ತದೆ. ಹೊಗೆಸೊಪ್ಪಿನ ಯಾವ ಪದಾರ್ಥವನ್ನೂ ಹದಿನೆಂಟರ ಒಳಗಿನವರಿಗೆ ಮಾರಬಾರದು, ಶಾಲೆಯಿಂದ 100 ಗಜದೊಳಗೆ ಯಾರಿಗೂ ಮಾರಬಾರದು, ಇದು 2003ರ ಕಾನೂನು. ಮಕ್ಕಳಿಗೆ ಕೊಟ್ಟವರಿಗೆ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಲ್ಲಿ ಏಳು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. ದೂರು ಕೊಡುವುದಾದರೆ ಮಾರುವವನ ಮೇಲೆ ಕೊಡಿ. ಪಿಟಿಎ ಹೆಸರಿನಲ್ಲಿ ಕೊಟ್ಟರೆ ನಿಮ್ಮೊಬ್ಬರ ಮೇಲೆ ಭಾರ ಬೀಳುವುದಿಲ್ಲ.

ಹುಡುಗರನ್ನು ಬೇರೆಯಾಗಿ ಕರೆದು ಮಾತಾಡಿ. ಮೂವತ್ತು ವರ್ಷ ಬಿಟ್ಟು ಕ್ಯಾನ್ಸರ್ ಬರುತ್ತದೆ ಅಂದರೆ ಹದಿನಾಲ್ಕು ವರ್ಷದ ಹುಡುಗನಿಗೆ ತಾಗುವುದಿಲ್ಲ. ಕನ್ನಡಿ ಕೊಟ್ಟು, ಪೊಟ್ಟಣ ಇಡುವ ಜಾಗದಲ್ಲಿ ತುಟಿ ಮಡಚಿ ನೋಡಲು ಹೇಳಿ. ಆ ಜಾಗದಲ್ಲಿ ಒಳಚರ್ಮ ಬಿಳಚಿ ಸುಕ್ಕಾಗಿರುತ್ತದೆ, ವಸಡು ಇಳಿದು ಹಲ್ಲಿನ ಬೇರು ಕಾಣಲು ಶುರುವಾಗಿರಬಹುದು. ಬಾಯಿ ವಾಸನೆ, ಆಟದಲ್ಲಿ ಎದೆಬಡಿತ, ದಿನದ ಖರ್ಚು, ಇದರ ಬಗ್ಗೆ ಮಾತಾಡಿದರೆ ಕೇಳುತ್ತಾರೆ. ಪೊಟ್ಟಣ ಇಲ್ಲದೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಇರಲಾಗುತ್ತದಾ ಅಂತ ಕೇಳಿ. ಆಗುವುದಿಲ್ಲ ಅಂದರೆ ಅದು ಆಗಲೇ ಚಟ, ಬೈಗುಳದಿಂದ ಹೋಗುವುದಿಲ್ಲ, ಕೌನ್ಸೆಲಿಂಗ್ ಬೇಕು.

ಪ್ರಶ್ನೆ: ನನಗೆ 61. ಹದಿನೆಂಟರಿಂದ ಸೇದುತ್ತಿದ್ದೇನೆ. ಬಿಪಿ, ಶುಗರ್ ಎರಡೂ ಇದೆ. ಇನ್ನು ಬಿಟ್ಟು ಎಂತ ಪ್ರಯೋಜನ? ಆಸ್ಪತ್ರೆಯಲ್ಲಿ ಕೇಳುವ ಅಂದರೆ ನನಗೆ ಮಲಯಾಳ ಸರಿಯಾಗಿ ಬರುವುದಿಲ್ಲ, ಒಳಗಿನ ಸಂಕಟ ಹೇಳಿಕೊಳ್ಳಲು ಆಗುವುದಿಲ್ಲ.
(ಅಡೂರು)

ಬ್ರಿಟನ್ನಿನಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ 1951ರಲ್ಲಿ ಮೂವತ್ತನಾಲ್ಕು ಸಾವಿರಕ್ಕೂ ಹೆಚ್ಚು ಗಂಡಸು ಡಾಕ್ಟರುಗಳ ಸೇದುವ ಅಭ್ಯಾಸ ಬರೆದಿಟ್ಟುಕೊಂಡು ಒಂದು ಅಧ್ಯಯನ ಶುರು ಮಾಡಿದರು, ಅದು ಐವತ್ತು ವರ್ಷ ನಡೆಯಿತು. 2004ರಲ್ಲಿ ಬಂದ ಲೆಕ್ಕದ ಪ್ರಕಾರ ಸೇದುತ್ತಲೇ ಇದ್ದವರು ಸರಾಸರಿ ಹತ್ತು ವರ್ಷ ಮೊದಲೇ ಸಾಯುತ್ತಾರೆ. ಮೂವತ್ತರಲ್ಲಿ ಬಿಟ್ಟವರಿಗೆ ಆ ಹತ್ತೂ ವರ್ಷ ಹೆಚ್ಚುಕಡಿಮೆ ವಾಪಸು ಸಿಗುತ್ತದೆ, ನಲವತ್ತರಲ್ಲಿ ಬಿಟ್ಟರೆ ಒಂಬತ್ತು, ಐವತ್ತರಲ್ಲಿ ಆರು, ಅರವತ್ತರಲ್ಲಿ ಬಿಟ್ಟರೂ ಮೂರು. ನಿಮಗೆ ಬಿಪಿ, ಶುಗರ್ ಇರುವುದರಿಂದ ಹೃದಯದ ಮೇಲೆ ಮೊದಲೇ ಭಾರ ಇದೆ. ಬಿಟ್ಟು ಒಂದು ವರ್ಷಕ್ಕೆ ಸಿಗರೇಟಿನಿಂದಾಗಿ ಹೆಚ್ಚಿದ್ದ ಹೃದಯದ ಕಾಯಿಲೆಯ ಅಪಾಯ ಅರ್ಧಕ್ಕೆ ಇಳಿಯುತ್ತದೆ. ಮೂರು ವರ್ಷ ಅನ್ನುವುದು ಬರೀ ಸರಾಸರಿ. ಅದಕ್ಕಿಂತ ದೊಡ್ಡದು ಉಳಿದ ವರ್ಷಗಳನ್ನು ಏದುಸಿರು ಬಿಡದೆ, ಗುಡ್ಡ ಹತ್ತಿ ಮನೆಗೆ ಬರುವಷ್ಟು ತ್ರಾಣದಲ್ಲಿ ಕಳೆಯುವುದು. ಬಿಟ್ಟ ಮೇಲೆ ಶುಗರಿನ ಮದ್ದಿನ ಪ್ರಮಾಣ ಬದಲಿಸಬೇಕಾಗಬಹುದು, ಹಾಗಾಗಿ ಬಿಡುತ್ತಿದ್ದೇನೆ ಅಂತ ನಿಮ್ಮ ಡಾಕ್ಟರಿಗೆ ಮೊದಲೇ ತಿಳಿಸಿ.

ಭಾಷೆಯ ಕಷ್ಟ ನನಗೆ ಅರ್ಥವಾಗುತ್ತದೆ. ಹೊಟ್ಟೆನೋವನ್ನು ಸನ್ನೆಯಲ್ಲಾದರೂ ಹೇಳಬಹುದು, ಚಟದ ಸಂಕಟ ನಮ್ಮ ಭಾಷೆಯಲ್ಲೇ ಹೊರಗೆ ಬರಬೇಕು. 1800-11-2356 ಅಂತ ಒಂದು ನಂಬರ್ ಇದೆ, ಸಿಗರೇಟ್ ಪ್ಯಾಕಿನ ಮೇಲೆಯೇ ಅಚ್ಚು ಹಾಕಿದ್ದಾರೆ. ಕೇಂದ್ರ ಸರಕಾರದ್ದು, ಕರೆಗೆ ದುಡ್ಡಿಲ್ಲ. ದಕ್ಷಿಣದ ಭಾಷೆಗಳ ಕರೆಗಳನ್ನು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತರಬೇತಿ ಪಡೆದವರು ನೋಡಿಕೊಳ್ಳುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಬಿಡುವ ದಿನ ಗೊತ್ತು ಮಾಡಿಸಿ, ಆಮೇಲೆ ಅವರೇ ಮತ್ತೆ ಫೋನ್ ಮಾಡಿ ವಿಚಾರಿಸುತ್ತಾರೆ. ಕರೆ ಮಾಡುವ ಮೊದಲು ದಿನಕ್ಕೆ ಎಷ್ಟು ಸೇದುತ್ತೀರಿ, ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲನೆಯದು, ಈಗ ಯಾವ ಯಾವ ಮಾತ್ರೆ ನಡೆಯುತ್ತಿದೆ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಕರೆ ಮಾಡುವಾಗ ಮನೆಯವರು ಯಾರಾದರೂ ಹತ್ತಿರ ಕೂತರೆ ಒಳ್ಳೆಯದು, ಹೇಳಿದ್ದರಲ್ಲಿ ಅರ್ಧ ನೀವು ಮರೆತರೂ ಅವರಿಗೆ ನೆನಪಿರುತ್ತದೆ.